ಎಳೆಯ ಗೆಲುವೂ ಲೋಕದ ಅವಸರವೂ

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೆಂಬ ಗಾದೆಯನ್ನು ನಮ್ಮ ಹಿರಿಯರು ಎಷ್ಟು ವಿಶ್ವಾಸದಿಂದ ಹೇಳುತ್ತ ಬಂದರೋ ಅಷ್ಟೇ ವಿಶ್ವಾಸದಿಂದ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿರೆಂದೂ ಎಚ್ಚರಿಸಿದರು. ಲೋಕಾನುಭವದಲ್ಲಿ ಎರಡಕ್ಕೂ ಸ್ಥಾನವಿರುವುದರಿಂದಲೇ ಎರಡು ಗಾದೆಗಳೂ ಉಳಿದುಬಂದಿವೆ. ಟೆನಿಸ್ ಕ್ರೀಡೆಯ ವಿಚಾರದಲ್ಲಿ ಮಾತ್ರ ಲೋಕವು ಮೊದಲನೆಯದನ್ನು ವೇದವಾಕ್ಯವಾಗಿ ಹಿಡಿದು ಎರಡನೆಯದನ್ನು ಮರೆತಂತಿದೆ. ಹದಿನಾರು ಹದಿನೇಳರ ಹುಡುಗನೋ ಹುಡುಗಿಯೋ ದೊಡ್ಡ ಪಂದ್ಯಾವಳಿಯೊಂದರಲ್ಲಿ ಹೆಸರಾಂತ ಎದುರಾಳಿಯನ್ನು ಸೋಲಿಸಿದರೆ, ಮರುದಿನದ ಪತ್ರಿಕೆಯಲ್ಲಿ ಆ ಪಂದ್ಯದ ವರದಿಗಿಂತ ಮುಂದಿನ ಹತ್ತು ವರ್ಷಗಳ ಜಾತಕವೇ ದೀರ್ಘವಾಗಿರುತ್ತದೆ. ಎಳವೆಯಲ್ಲಿ ಗೆದ್ದವರನ್ನು ನಾವು ಮಿತಿಮೀರಿ ಹೊಗಳುತ್ತಿದ್ದೇವೆಯೆ ಎಂದು ಯಾರಾದರೂ ಕೇಳಿದರೆ, ಹೌದೆಂದೇ ನನ್ನ ಉತ್ತರ. ಆದ ಕಾರ್ಯವನ್ನು ಎಷ್ಟು ಹೊಗಳಿದರೂ ಹಾನಿಯಿಲ್ಲ. ಇನ್ನೂ ಆಗಬೇಕಾದುದನ್ನು ಆಗಿಹೋದುದೆಂಬಂತೆ ಹೊಗಳಿ, ಅದು ಆಗದಿದ್ದಾಗ ಹೊಗಳಿಸಿಕೊಂಡವನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದರಲ್ಲಿ ಅನ್ಯಾಯವಿದೆ.

1996ರಲ್ಲಿ ಫ್ರಾನ್ಸಿನ ಟೆನಿಸ್ ಪತ್ರಿಕೆಯೊಂದು ರಿಷಾರ್ ಗಾಸ್ಕೆ ಎಂಬ ಬಾಲಕನ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಮಾಡಿ, ದೇಶವು ಎದುರುನೋಡುತ್ತಿರುವ ಚಾಂಪಿಯನ್ ಈತನೇ ಇರಬಹುದೆ ಎಂದು ಓದುಗರನ್ನು ಕೇಳಿತು. ಆಗ ಆತನ ವಯಸ್ಸು ಒಂಬತ್ತು. ಪತ್ರಿಕೆಯವರಿಗೆ ಕಣ್ಣಿರಲಿಲ್ಲವೆಂದು ಹೇಳುವಂತಿಲ್ಲ. ಟೆನಿಸ್ ಕಲಿಸುವ ತಂದೆತಾಯಿಯರ ಆ ಮಗನ ಒಂಟಿ ಕೈಯ ಬ್ಯಾಕ್‌ಹ್ಯಾಂಡ್ ಹೊಡೆತ ಮುಂದೆ ಜಗತ್ತಿನ ಅತಿ ಸುಂದರ ಹೊಡೆತಗಳಲ್ಲೊಂದೆಂದು ಎಣಿಕೆಗೊಂಡಿತು. 1999ರಲ್ಲಿ ತಾರ್ಬ್ ಎಂಬ ಊರಿನಲ್ಲಿ ಹದಿನಾಲ್ಕು ವರ್ಷದೊಳಗಿನವರಿಗಾಗಿ ನಡೆದ ಪಂದ್ಯಾವಳಿಯಲ್ಲಿ ಆತ ತನಗಿಂತ ಹದಿನೈದೇ ದಿನ ಹಿರಿಯನಾದ ಸ್ಪೇನಿನ ಒಬ್ಬ ಹುಡುಗನನ್ನು ಸೋಲಿಸಿ, ಪ್ರಶಸ್ತಿಯನ್ನೂ ಗೆದ್ದುಕೊಂಡ. ಸೋತವನ ಹೆಸರು ರಫಾಯೆಲ್ ನಡಾಲ್. ಆ ದಿನ ಅಂಕಣದ ಬದಿಯಲ್ಲಿ ಕುಳಿತಿದ್ದ ಪರೀಕ್ಷಕನೊಬ್ಬನನ್ನು ಇವರಿಬ್ಬರಲ್ಲಿ ಯಾರ ಮೇಲೆ ಪಣ ಕಟ್ಟುವೆಯೆಂದು ಕೇಳಿದ್ದರೆ, ಆತ ಫ್ರಾನ್ಸಿನ ಹುಡುಗನತ್ತ ಬೆರಳು ತೋರಿಸಿದ್ದರೆ, ಅದು ಮೂರ್ಖತನವೆನ್ನಿಸುತ್ತಿರಲಿಲ್ಲ. ಕಣ್ಣೆದುರಿಗಿದ್ದ ಪ್ರಮಾಣವೆಲ್ಲ ಅದೇ ಆಗಿತ್ತು.

2005ರ ವಸಂತದಲ್ಲಿ ಮಾಂಟೆ ಕಾರ್ಲೊ ಪಂದ್ಯಾವಳಿಯಲ್ಲಿ, ಹದಿನೆಂಟರ ಗಾಸ್ಕೆ ಅಂದಿನ ವಿಶ್ವದ ಅಗ್ರಮಾನ್ಯ ರೋಜರ್ ಫೆಡರರ್‌ನನ್ನು ಮಣಿಸಿ, ಅದರ ಮುಂದಿನ ಪಂದ್ಯದಲ್ಲಿಯೇ ನಡಾಲ್‌ಗೆ ಸೋತ. ಕೆಲವು ವಾರಗಳ ತರುವಾಯ ನಡಾಲ್ ಫ್ರೆಂಚ್ ಓಪನ್ ಗೆದ್ದ. ಅದೇ ಪ್ರಶಸ್ತಿಯನ್ನು ಒಟ್ಟು 14 ಬಾರಿ ಗೆಲ್ಲುವ ಕಥೆಗೆ ಅದು ಆರಂಭ. ವೃತ್ತಿಪರರಾಗಿ ಇಬ್ಬರೂ 18 ಬಾರಿ ಎದುರುಬದುರಾದರು. ಹದಿನೆಂಟೂ ಬಾರಿ ಗೆದ್ದವನು ನಡಾಲ್. ಇಷ್ಟಾದರೂ ಗಾಸ್ಕೆಯ ಲೆಕ್ಕವೇನು ಸಾಮಾನ್ಯವೆ? ವಿಶ್ವ ಕ್ರಮಾಂಕದಲ್ಲಿ ಏಳನೆಯ ಸ್ಥಾನ, ವಿಂಬಲ್ಡನ್ ಸೆಮಿಫೈನಲ್ ಎರಡು ಬಾರಿ, ಅಮೆರಿಕ ಓಪನ್ ಸೆಮಿಫೈನಲ್ ಒಂದು ಬಾರಿ, 16 ಪ್ರಶಸ್ತಿಗಳು, 600ಕ್ಕೂ ಹೆಚ್ಚು ಪಂದ್ಯಗಳಲ್ಲಿ ಜಯ. ಟೆನಿಸ್ ರಾಕೆಟ್ ಹಿಡಿದ ಮಕ್ಕಳಲ್ಲಿ ಲಕ್ಷಕ್ಕೊಬ್ಬನಿಗೆ ಕೂಡ ಈ ಭಾಗ್ಯ ಒದಗದು. ಆದರೂ 2025ರಲ್ಲಿ ಆತ ಪ್ಯಾರಿಸ್‌ನಲ್ಲಿ ಕೊನೆಯ ಪಂದ್ಯವಾಡಿ ನಿವೃತ್ತನಾಗುವವರೆಗೆ, ಆತನ ಬಗ್ಗೆ ಬರೆದವರಲ್ಲಿ ಬಹುಪಾಲು ಜನ ಆ ಮುಖಪುಟದ ಮಾತೆತ್ತದೆ ಇರಲಿಲ್ಲ. ಎತ್ತಿದಾಗಲೆಲ್ಲ ಈಡೇರದ ವಾಗ್ದಾನವೆಂಬ ಧ್ವನಿ ಅದರಲ್ಲಿರುತ್ತಿತ್ತು. ವಾಗ್ದಾನ ಮಾಡಿದವರಾದರೂ ಯಾರು? ಒಂಬತ್ತು ವರ್ಷದ ಬಾಲಕ ಯಾರಿಗೂ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಮೊಳಕೆ ಚೆನ್ನಾಗಿದೆಯೆಂದು ಸಂತೋಷಪಡುವ ರೈತನು ಅದೇ ಮೊಳಕೆಯನ್ನು ತೋರಿಸಿ ಸಾಲ ತರುವುದಿಲ್ಲ. ಇಲ್ಲಿ ಸಾಲ ತಂದವರು ಬೇರೆಯವರು, ಬಡ್ಡಿ ಕಟ್ಟಿದವನು ಆ ಹುಡುಗ.

ಇಂಥ ಅತ್ಯುಕ್ತಿಯ ಮೂಲವನ್ನು ಆಟಗಾರನ ಪ್ರತಿಭೆಯಲ್ಲಿ ಹುಡುಕುವುದು ವ್ಯರ್ಥ. ಅದು ಹೊಗಳುವವರ ಹಸಿವಿನಲ್ಲಿದೆ. ಫ್ರಾನ್ಸಿನ ಪುರುಷನೊಬ್ಬ ತನ್ನ ನೆಲದ ಮಹಾಪಂದ್ಯಾವಳಿಯಾದ ಫ್ರೆಂಚ್ ಓಪನ್ನನ್ನು ಕೊನೆಯದಾಗಿ ಗೆದ್ದದ್ದು 1983ರಲ್ಲಿ. ಗೆದ್ದವನು ಯಾನಿಕ್ ನೋವಾ. ಆಮೇಲೆ ಬರಗಾಲ. ಗಾಸ್ಕೆಯ ಚಿತ್ರ ಅಚ್ಚಾಗುವ ಹೊತ್ತಿಗೆ ಆ ಹಸಿವಿಗೆ ಹದಿಮೂರು ವರ್ಷ ತುಂಬಿತ್ತು. ಇಂಗ್ಲೆಂಡಿನ ಹಸಿವಾದರೋ ಇನ್ನೂ ದೀರ್ಘವಾದುದು: ವರ್ಜೀನಿಯಾ ವೇಡ್ 1977ರಲ್ಲಿ ವಿಂಬಲ್ಡನ್ ಗೆದ್ದ ಬಳಿಕ ಆ ದೇಶದ ಯಾವ ಮಹಿಳೆಗೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ದಕ್ಕದೆ 44 ವರ್ಷಗಳು ಸಂದಿದ್ದುವು. ಹಸಿದವನು ಎಲೆಯ ಮೇಲೆ ಬಿದ್ದುದನ್ನು ತೂಕ ಮಾಡಿ ನೋಡುತ್ತಾನೆಯೆ?

ಆ ಎಲೆಯ ಮೇಲೆ 2021ರ ಸೆಪ್ಟೆಂಬರಿನಲ್ಲಿ ಬಡಿಸಲ್ಪಟ್ಟವಳು ಎಮ್ಮಾ ರಾಡುಕಾನು. ಅವಳ ಗೆಲುವನ್ನು ಕಿರಿದು ಮಾಡಿ ಹೇಳುವ ಉದ್ದೇಶ ನನಗೆ ಕಿಂಚಿತ್ತೂ ಇಲ್ಲ. ವಿಶ್ವ ಕ್ರಮಾಂಕದಲ್ಲಿ 150ನೆಯ ಸ್ಥಾನದಲ್ಲಿದ್ದ, ಹದಿನೆಂಟು ವರ್ಷ ವಯಸ್ಸಿನ, ಅದೇ ಬೇಸಿಗೆಯಲ್ಲಿ ಶಾಲೆಯ ಕೊನೆಯ ಪರೀಕ್ಷೆಗಳ ಫಲಿತಾಂಶ ಪಡೆದಿದ್ದ ಹುಡುಗಿ, ಅಮೆರಿಕ ಓಪನ್ನಿನ ಅರ್ಹತಾ ಸುತ್ತಿನ ಮೂರು ಪಂದ್ಯಗಳನ್ನೂ ಮುಖ್ಯ ಸುತ್ತಿನ ಏಳು ಪಂದ್ಯಗಳನ್ನೂ ಆಡಿ, ಒಂದೇ ಒಂದು ಸೆಟ್ಟನ್ನೂ ಎದುರಾಳಿಗೆ ಬಿಟ್ಟುಕೊಡದೆ ಪ್ರಶಸ್ತಿ ಗೆದ್ದಳು. ಅರ್ಹತಾ ಸುತ್ತಿನಿಂದ ಬಂದು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರು ಅದಕ್ಕೆ ಮುಂಚೆ, ವೃತ್ತಿಪರರಿಗೂ ಪ್ರವೇಶ ದೊರೆತ ಓಪನ್ ಯುಗದಲ್ಲಿ, ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಒಬ್ಬರೂ ಇರಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಚಿನ್ನದ ಪದಕ ಕೊರಳಲ್ಲಿ ಇನ್ನೂ ಹೊಸದಾಗಿದ್ದ ಬೆಲಿಂಡಾ ಬೆನ್ಚಿಚ್ ಕೂಡ ಅವಳಿಗೆ ಸೋತಳು. ಇದನ್ನು ಎಷ್ಟು ಕೊಂಡಾಡಿದರೂ ಅತಿಯಾಗದು. ಆದರೆ ಕೊಂಡಾಟ ಅಲ್ಲಿಗೆ ನಿಲ್ಲಲಿಲ್ಲ. ಆಭರಣದ ಅಂಗಡಿಯವರು, ಉಡುಪಿನ ಮನೆಯವರು, ವಿಮಾನದ ಕಂಪನಿಯವರು, ಮೋಟಾರು ತಯಾರಕರು ಒಬ್ಬರ ಹಿಂದೊಬ್ಬರು ಬಂದು ನಿಂತರು. ಒಂದು ಪ್ರಶಸ್ತಿ ಗೆದ್ದವಳ ಸುತ್ತ ಹತ್ತು ಪ್ರಶಸ್ತಿ ಗೆದ್ದವಳಿಗೆ ತಕ್ಕ ಪ್ರಭಾವಳಿ ಕಟ್ಟಿದ್ದಾಯಿತು.

ಇಲ್ಲಿ ಟೆನಿಸ್ ಕ್ರಮಾಂಕದ ಲೆಕ್ಕಾಚಾರವನ್ನು ತುಸು ವಿವರಿಸಬೇಕು, ಏಕೆಂದರೆ ಎಳೆಯ ವಿಜಯಿಯನ್ನು ಎತ್ತಿದಷ್ಟೇ ವೇಗವಾಗಿ ಇಳಿಸುವ ಯಂತ್ರ ಇದರೊಳಗೇ ಇದೆ. ಒಂದು ಪಂದ್ಯಾವಳಿಯಲ್ಲಿ ಸಂಪಾದಿಸಿದ ಅಂಕಗಳು 52 ವಾರಗಳ ಮಟ್ಟಿಗೆ ಮಾತ್ರ ಆಟಗಾರನ ಖಾತೆಯಲ್ಲಿರುತ್ತವೆ. ಮರುವರ್ಷ ಅದೇ ಪಂದ್ಯಾವಳಿ ಬಂದಾಗ ಹಳೆಯವು ಅಳಿದುಹೋಗುತ್ತವೆ, ಹೊಸವು ಬರೆಯಲ್ಪಡುತ್ತವೆ. ಗ್ರ್ಯಾನ್‌ಸ್ಲಾಮ್ ಗೆದ್ದವರಿಗೆ 2000 ಅಂಕ. ಮೊದಲ ಸುತ್ತಿನಲ್ಲಿ ಸೋತವರಿಗೆ ಹತ್ತು. ರಾಡುಕಾನು ಒಂದೇ ಪಂದ್ಯಾವಳಿಯಿಂದ 150ನೆಯ ಸ್ಥಾನದಿಂದ 23ಕ್ಕೆ ಏರಿದಳು. ವರ್ಷವಿಡೀ ಆ ಅಂಕಗಳ ಆಸರೆಯಲ್ಲಿ ಮೇಲಿದ್ದು, 2022ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ಮೊದಲ ಸುತ್ತಿನಲ್ಲಿಯೇ ಅಲಿಝೆ ಕೊರ್ನೆಗೆ ಸೋತಾಗ 11ನೆಯ ಸ್ಥಾನದಿಂದ 83ಕ್ಕೆ ಇಳಿದಳು. ಒಂದೇ ಸೋಲಿಗೆ ಇಷ್ಟು ಪತನವೆಂದು ಲೋಕ ಬೆರಗಾಯಿತು. ಅಷ್ಟೂ ಕಾಲ ಅವಳು ನಿಂತದ್ದು ಹತ್ತು ಪಂದ್ಯಗಳ ಅಡಿಪಾಯದ ಮೇಲೆ ಎಂಬುದನ್ನು ಕ್ರಮಾಂಕದ ಪಟ್ಟಿ ಮರೆಸಿತ್ತು, ಅಷ್ಟೆ. ಆ ನಡುವೆ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆದಿತ್ತು. ಮೊದಲ ವರ್ಷ ಯಾರಿಗೂ ಪರಿಚಯವಿಲ್ಲದ ಸರ್ವ್, ಯಾರೂ ಓದಿರದ ನಡೆ. ಎರಡನೆಯ ವರ್ಷ ಪ್ರತಿಯೊಬ್ಬ ಎದುರಾಳಿಯ ತರಬೇತುದಾರನೂ ಅವಳ ಆಟದ ಚಿತ್ರಣವನ್ನು ಕುಳಿತು ನೋಡಿ, ಯಾವ ಅಂಕದಲ್ಲಿ ಅವಳು ಚೆಂಡನ್ನು ಯಾವ ಮೂಲೆಗೆ ಹಾಕುವಳೆಂದು ಗುರುತು ಮಾಡಿಕೊಂಡಿರುತ್ತಾನೆ. ಇದಕ್ಕೆ ಪ್ರತ್ಯುತ್ತರ ಕಂಡುಕೊಳ್ಳಲು ಕಾಲ ಬೇಕು, ಗಟ್ಟಿ ಶರೀರ ಬೇಕು. 2023ರಲ್ಲಿ ಅವಳ ಎರಡೂ ಕೈಗಳಿಗೂ ಒಂದು ಪಾದಕೀಲಿಗೂ ಶಸ್ತ್ರಚಿಕಿತ್ಸೆಯಾಯಿತು.

ಅದೇ ಅಮೆರಿಕ ಓಪನ್ನನ್ನು 2015ರಲ್ಲಿ ಇಟಲಿಯ ಫ್ಲಾವಿಯಾ ಪೆನ್ನೆಟ್ಟಾ ತನ್ನ 33ನೆಯ ವಯಸ್ಸಿನಲ್ಲಿ ಗೆದ್ದು, ಬಹುಮಾನ ವಿತರಣೆಯ ಸಮಾರಂಭದಲ್ಲಿಯೇ ತನ್ನ ನಿವೃತ್ತಿಯನ್ನು ಸಾರಿದಳು. ಸಿಂಗಲ್ಸ್‌ನಲ್ಲಿ ಅವಳಿಗೂ ದಕ್ಕಿದ ಗ್ರ್ಯಾನ್‌ಸ್ಲಾಮ್ ಅದೊಂದೇ. ಅವಳನ್ನು ಯಾರೂ ಭ್ರಮನಿರಸನದ ಉದಾಹರಣೆಯಾಗಿ ಹೆಸರಿಸಲಿಲ್ಲ. ದೀರ್ಘ ಸಾಧನೆಯ ಕಲಶವೆಂದೇ ಎಲ್ಲರೂ ಕರೆದರು. ಎರಡು ವಾರಗಳ ಕಾಲ ತನ್ನ ಸಾಮರ್ಥ್ಯದ ತುತ್ತತುದಿಯಲ್ಲಿ ಆಡುವುದು ಎಲ್ಲ ಆಟಗಾರರ ಬಾಳಿನಲ್ಲಿಯೂ ಎಂದೋ ಒಮ್ಮೆ ಒದಗಬಹುದಾದ ಸುಯೋಗ. ಅದು ಮೂವತ್ತಮೂರರಲ್ಲಿ ಬಂದರೆ ತುದಿಯೆನ್ನುತ್ತೇವೆ, ಹದಿನೆಂಟರಲ್ಲಿ ಬಂದರೆ ಮೊದಲ ಮೆಟ್ಟಿಲೆನ್ನುತ್ತೇವೆ. ಹದಿನೆಂಟರಲ್ಲಿಯೇ ತುದಿ ಬಂದಿರಲಾರದೆಂದು ನಮಗೆ ಹೇಳಿದವರು ಯಾರು?

ಇದಕ್ಕೆ ಪ್ರತಿವಾದವಿಲ್ಲದಿಲ್ಲ. ಬೋರಿಸ್ ಬೆಕರ್ 1985ರಲ್ಲಿ ಹದಿನೇಳರಲ್ಲಿ ವಿಂಬಲ್ಡನ್ ಗೆದ್ದು ಮರುವರ್ಷ ಅದನ್ನು ಉಳಿಸಿಕೊಳ್ಳಲಿಲ್ಲವೆ, ಕಾರ್ಲೊಸ್ ಅಲ್ಕರಾಜ್ 2022ರಲ್ಲಿ ಹತ್ತೊಂಬತ್ತರಲ್ಲಿಯೇ ಅಗ್ರಸ್ಥಾನಕ್ಕೇರಿ ಇಂದಿಗೂ ಗೆಲ್ಲುತ್ತಿಲ್ಲವೆ, ಹದಿನೈದರಲ್ಲಿ ವೀನಸ್ ವಿಲಿಯಮ್ಸ್‌ಳನ್ನು ಸೋಲಿಸಿದ ಕೊಕೊ ಗಾಫ್ ನಾಲ್ಕು ವರ್ಷಗಳ ತರುವಾಯ ಅಮೆರಿಕ ಓಪನ್ ಗೆಲ್ಲಲಿಲ್ಲವೆ ಎಂದು ಕೇಳುವವರುಂಟು. ನಿಜ, ಆದರೆ ಫಲಿಸಿದ ಭವಿಷ್ಯವಾಣಿಗಳನ್ನಷ್ಟೇ ನೆನಪಿಟ್ಟುಕೊಳ್ಳುವ ಜ್ಯೋತಿಷಿಯ ಹಳೆಯ ಅಭ್ಯಾಸ ಇದು. ಮೈಕೆಲ್ ಚಾಂಗ್ ಕೂಡ ಹದಿನೇಳರಲ್ಲಿಯೇ, 1989ರಲ್ಲಿ, ಸ್ನಾಯು ಸೆಳೆತದಿಂದ ನಿಲ್ಲಲಾರದೆ ಸರ್ವನ್ನು ಕೆಳಗೈಯಿಂದ ಹಾಕಿ ಅಗ್ರಮಾನ್ಯ ಇವಾನ್ ಲೆಂಡ್ಲ್‌ನನ್ನು ಕಂಗೆಡಿಸಿ, ಆ ಬಳಿಕ ಫ್ರೆಂಚ್ ಓಪನ್ನನ್ನೇ ಗೆದ್ದ. ಮುಂದೆ ವಿಶ್ವದ ಎರಡನೆಯ ಸ್ಥಾನಕ್ಕೇರಿದರೂ ಇನ್ನೊಂದು ಗ್ರ್ಯಾನ್‌ಸ್ಲಾಮ್ ಆತನ ಕೈಗೆ ಬರಲಿಲ್ಲ. ಗೆದ್ದ ದಿನ ಬೆಕರ್‌ಗೂ ಚಾಂಗ್‌ಗೂ ಇದ್ದ ವ್ಯತ್ಯಾಸವನ್ನು ಯಾವ ಪಂಡಿತನೂ ಹೇಳಬಲ್ಲವನಾಗಿರಲಿಲ್ಲ. ಇನ್ನು ಫೆಡರರ್‌ನ ವಿಚಾರ ತಿರುಗುಮುರುಗಾದುದು. 2001ರಲ್ಲಿ ವಿಂಬಲ್ಡನ್ನಿನಲ್ಲಿ ಅಂದಿನ ಚಾಂಪಿಯನ್ ಪೀಟ್ ಸಾಂಪ್ರಾಸ್‌ನನ್ನು ಸೋಲಿಸಿದಾಗ ಹೊಗಳಿಸಿಕೊಂಡ ಆತ, ಮರುವರ್ಷ ಅದೇ ಅಂಗಳದಲ್ಲಿ ಮೊದಲ ಸುತ್ತಿನಲ್ಲಿಯೇ ಹೊರಬಿದ್ದ. 2003ರ ಜುಲೈಯಲ್ಲಿ ಮೊದಲ ಬಾರಿ ಗೆಲ್ಲುವ ತನಕ ಆತನ ಮೇಲಿದ್ದ ನಿರೀಕ್ಷೆಯೂ ಬರಿಯ ಅತ್ಯುಕ್ತಿಯಂತೆಯೇ ತೋರುತ್ತಿತ್ತು.

ಹೊಗಳಿಕೆಯನ್ನು ಬಸವಣ್ಣನವರು ಹೊನ್ನಶೂಲವೆಂದರು. ಆ ಶೂಲದ ಮೊನೆ ಎಷ್ಟು ಹರಿತವೆಂಬುದನ್ನು ಟೆನಿಸ್ ಜಗತ್ತು ಅರಿತದ್ದು ಜೆನಿಫರ್ ಕಾಪ್ರಿಯಾಟಿಯ ಬಾಳಿನಿಂದ. 1990ರ ಮಾರ್ಚಿನಲ್ಲಿ, ಹದಿನಾಲ್ಕು ತುಂಬುವ ಮೊದಲೇ, ವೃತ್ತಿಪರಳಾಗಿ ಆಡಿದ ಮೊದಲ ಪಂದ್ಯಾವಳಿಯಲ್ಲಿಯೇ ಅವಳು ಫೈನಲ್ ತಲುಪಿದಳು. ಕಂಪನಿಗಳ ಒಪ್ಪಂದಗಳು ಅದಕ್ಕೂ ಮುಂಚೆ ಬಂದು ಕಾದಿದ್ದುವು. 1992ರಲ್ಲಿ ಬಾರ್ಸಿಲೋನಾದಲ್ಲಿ ಸ್ಟೆಫಿ ಗ್ರಾಫ್‌ಳನ್ನು ಸೋಲಿಸಿ ಒಲಿಂಪಿಕ್ ಚಿನ್ನವನ್ನೂ ಗೆದ್ದಳು. ಮರುವರ್ಷವೇ ಆಟದಿಂದ ದೂರವಾದಳು. ಹಿಂದೆ ಅವಳ ಗೆಲುವುಗಳನ್ನು ಅಚ್ಚುಹಾಕಿದ ಪತ್ರಿಕೆಗಳು ಈಗ ಅವಳ ಪೊಲೀಸ್ ಪ್ರಕರಣಗಳನ್ನು ಅದೇ ಉತ್ಸಾಹದಿಂದ ಅಚ್ಚುಹಾಕಿದುವು. ಮಹಿಳಾ ಟೆನಿಸ್ ಸಂಸ್ಥೆಯು ಹದಿನೆಂಟು ತುಂಬದ ಹುಡುಗಿಯರು ವರ್ಷಕ್ಕೆ ಇಂತಿಷ್ಟೇ ಪಂದ್ಯಾವಳಿಗಳಲ್ಲಿ ಆಡತಕ್ಕದ್ದೆಂದು ವಯೋಮಿತಿಯ ನಿಯಮವನ್ನು ಬಿಗಿಗೊಳಿಸಿದ್ದು ಅದಾದ ಮೇಲೆಯೇ. ಅವಳು ಆಟಕ್ಕೆ ಹಿಂದಿರುಗಿ 2001ರಲ್ಲಿ ಆಸ್ಟ್ರೇಲಿಯಾ ಓಪನ್ನನ್ನೂ ಫ್ರೆಂಚ್ ಓಪನ್ನನ್ನೂ ಗೆದ್ದದ್ದು ಅವಳ ಧೈರ್ಯಕ್ಕೆ ಸಲ್ಲತಕ್ಕ ಮಾತು. ಲೋಕ ಅದರಲ್ಲಿ ಪಾಲು ಕೇಳುವಂತಿಲ್ಲ. ನಿಯಮವು ಪಂದ್ಯಗಳ ಸಂಖ್ಯೆಗೆ ಮಿತಿ ಹಾಕಿತು. ಹೊಗಳಿಕೆಗೆ ಮಿತಿ ಹಾಕುವ ನಿಯಮವನ್ನು ಯಾವ ಸಂಸ್ಥೆಯೂ ಮಾಡಲಾರದು.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಟೆನಿಸ್ ದುಡ್ಡಿನ ಆಟ. ಊರೂರು ದೇಶದೇಶ ತಿರುಗುವ ವಿಮಾನದ ಖರ್ಚು, ತರಬೇತುದಾರನ ಸಂಬಳ, ಉಳಿಯುವ ಮನೆಯ ಬಾಡಿಗೆ ಇವೆಲ್ಲ ಗೆಲ್ಲುವುದಕ್ಕೆ ಮುಂಚೆಯೇ ತೆರಬೇಕಾದವು. ಹೆಸರು ಪತ್ರಿಕೆಯಲ್ಲಿ ಬಂದ ಹೊರತು ಪ್ರಾಯೋಜಕ ಬಾಗಿಲು ತೆರೆಯುವುದಿಲ್ಲವಾದ್ದರಿಂದ, ಕೊಂಚ ಗದ್ದಲ ಬಡ ಮನೆಯ ಮಗುವಿಗೆ ಉಪಕಾರವನ್ನೇ ಮಾಡೀತು. ನಮ್ಮಲ್ಲಿ ಸಾನಿಯಾ ಮಿರ್ಜಾ 2005ರಲ್ಲಿ ತನ್ನೂರಾದ ಹೈದರಾಬಾದಿನಲ್ಲಿಯೇ ಪ್ರಶಸ್ತಿ ಗೆದ್ದು, ಅದೇ ವರ್ಷ ಅಮೆರಿಕ ಓಪನ್ನಿನ ನಾಲ್ಕನೆಯ ಸುತ್ತು ಮುಟ್ಟಿದಾಗ ಎದ್ದ ಕೋಲಾಹಲದಲ್ಲಿ ಆಟದಷ್ಟೇ ಅವಳ ಉಡುಪಿನ ಚರ್ಚೆಯೂ ಇದ್ದಿತೆಂಬುದು ನಾಚಿಕೆಗೇಡು. ಆದರೂ ಆ ಕೋಲಾಹಲದಿಂದಲೇ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ರಾಕೆಟ್ ಬಂದಿರಬೇಕು. ಸಿಂಗಲ್ಸ್‌ನಲ್ಲಿ ಅವಳು 27ನೆಯ ಸ್ಥಾನದಿಂದ ಮೇಲೇರಲಿಲ್ಲ. ಮಣಿಕಟ್ಟಿನ ನೋವು ಕಾಡಿತು. ಯಾರೂ ಜಾತಕ ಬರೆಯದ ಡಬಲ್ಸ್‌ನಲ್ಲಿ 2015ರಲ್ಲಿ ವಿಶ್ವದ ಅಗ್ರಸ್ಥಾನ ಅವಳದಾಯಿತು. ನಮ್ಮ ಕೊಡಗಿನ ರೋಹನ್ ಬೋಪಣ್ಣನವರ ಬಗ್ಗೆ ಹದಿನೆಂಟರಲ್ಲಿ ಯಾವ ಪತ್ರಿಕೆಯೂ ಮುಖಪುಟ ಮೀಸಲಿಡಲಿಲ್ಲ. ಪುರುಷರ ಡಬಲ್ಸ್‌ನಲ್ಲಿ ಅವರು ಮೊದಲ ಗ್ರ್ಯಾನ್‌ಸ್ಲಾಮ್ ಗೆದ್ದದ್ದು 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ವಿಶ್ವದ ಅಗ್ರಸ್ಥಾನವನ್ನು ಮೊದಲ ಬಾರಿ ಹಿಡಿದದ್ದೂ ಆಗಲೇ.

ಈಗ ಹಸಿವಿನ ಸರದಿ ಬ್ರೆಜಿಲ್ಲಿನದು. ಗುಸ್ಟಾವೊ ಕುರ್ಟೆನ್ ಮೂರು ಸಲ ಫ್ರೆಂಚ್ ಓಪನ್ ಗೆದ್ದು ಹೋದ ಮೇಲೆ ಪುರುಷರ ಸಿಂಗಲ್ಸ್‌ನಲ್ಲಿ ಬರಿದಾಗಿದ್ದ ಆ ದೇಶಕ್ಕೆ, 2025ರ ಜನವರಿಯಲ್ಲಿ ಹದಿನೆಂಟರ ಜುವಾವ್ ಫೊನ್ಸೆಕಾ ಅರ್ಹತಾ ಸುತ್ತಿನಿಂದ ಬಂದು ಆಸ್ಟ್ರೇಲಿಯಾ ಓಪನ್ನಿನ ಮೊದಲ ಸುತ್ತಿನಲ್ಲಿ ಒಂಬತ್ತನೆಯ ಶ್ರೇಯಾಂಕದ ಆಂಡ್ರೆ ರುಬ್ಲೆವ್‌ನನ್ನು ಸೋಲಿಸಿ ಕಾಣಿಸಿಕೊಂಡ. ಮರುತಿಂಗಳೇ ಬ್ಯೂನಸ್ ಐರಿಸ್‌ನಲ್ಲಿ ಪ್ರಶಸ್ತಿ ಗೆದ್ದ. ಅವನನ್ನು ಕುರ್ಟೆನ್ನನ ಉತ್ತರಾಧಿಕಾರಿಯೆಂದು ಆಗಲೇ ಕರೆದಾಯಿತು. ಬರೆಯುವವರಲ್ಲಿಯೂ ಓದುವವರಲ್ಲಿಯೂ ನನ್ನದೊಂದು ವಿನಂತಿ: ರುಬ್ಲೆವ್ ಸೋತ ಪಂದ್ಯವನ್ನು ಅಂಕ ಅಂಕವಾಗಿ ವರ್ಣಿಸಿರಿ, ಆ ಹುಡುಗನ ಫೋರ್‌ಹ್ಯಾಂಡಿನ ರಭಸವನ್ನು ಬಾಯ್ತುಂಬ ಹೊಗಳಿರಿ, ಕುರ್ಟೆನ್ನನ ಹೆಸರನ್ನು ಮಾತ್ರ ಇನ್ನೂ ಕೆಲವು ವರ್ಷ ಎತ್ತದಿರಿ.