ಮನೆವಾರ್ತೆ: ಇವು ಮೊಟ್ಟೆ ಇಡುವುದೆಲ್ಲಿ?



ಮಾವಿನ ಹಣ್ಣನ್ನು ಆರಿಸಿ, ಮೂಸಿ, ಚೌಕಾಶಿ ಮಾಡಿ ತಂದಿರುತ್ತೀರಿ. ಸಿಪ್ಪೆಯ ಮೇಲೆ ಕಲೆಯೂ ಇಲ್ಲ. ಹೆಚ್ಚಿದರೆ ಒಳಗಿಂದ ಬಿಳಿ ಹುಳುವೊಂದು ಟಣ್ಣನೆ ನೆಗೆಯುತ್ತದೆ! ಇದು ಒಳಗೆ ಹೋದದ್ದು ಹೇಗೆಂದು ಮಕ್ಕಳು ಕೇಳಿದರೆ ಏನು ಹೇಳುತ್ತೀರಿ? ಅದು ಹೋದದ್ದಲ್ಲ, ಅಲ್ಲೇ ಹುಟ್ಟಿದ್ದು. ಹಣ್ಣು ಮರದಲ್ಲಿರುವಾಗಲೇ ಹಣ್ಣುನೊಣ ಸಿಪ್ಪೆಗೆ ಸೂಜಿ ಚುಚ್ಚಿದಂತೆ ಚುಚ್ಚಿ ಮೊಟ್ಟೆ ಇಟ್ಟು ಹೋಗಿರುತ್ತದೆ.

ಅಕ್ಕಿಯ ಮೂತಿಹುಳು ಇನ್ನೂ ಜಾಣೆ. ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟು ಸುರಿಸಿ ತೂತು ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಬೆಳೆದು ಹುಳುವಾಗಿಯೇ ಹೊರಬರುವುದು. ಊರಿನಿಂದ ತಂದ ಅಕ್ಕಿಯಲ್ಲಿ ತಿಂಗಳ ನಂತರ ಹುಳು ಕಂಡರೆ ಡಬ್ಬಿಯನ್ನು ಬೈಯಬೇಡಿ.

ಇನ್ನು ನಮ್ಮ ಮನೆನೊಣ. ಸಗಣಿ, ಕೊಳೆತ ಕಸ, ಒದ್ದೆ ತರಕಾರಿ ಸಿಪ್ಪೆ ಇದರ ಬಾಣಂತಿಕೋಣೆ. ಒಂದು ಸಲಕ್ಕೆ ನೂರರಷ್ಟು ಮೊಟ್ಟೆ. ಒಂದೇ ದಿನದಲ್ಲಿ ಒಡೆದು ಹುಳು. ಸೆಖೆಯ ದಿನಗಳಲ್ಲಿ ಹತ್ತು ದಿನಕ್ಕೆ ಹೊಸ ನೊಣ. ಕೊಳೆತ ಮಾಂಸದಿಂದ ಹುಳು ತಾನಾಗಿಯೇ ಹುಟ್ಟುತ್ತದೆಂದು ಜನ ನಂಬಿದ್ದ ಕಾಲವಿತ್ತು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಜಾಡಿಯ ಬಾಯಿಗೆ ತೆಳುಬಟ್ಟೆ ಕಟ್ಟಿಟ್ಟು ನೋಡಿದ. ನೊಣ ಕೂರದ ಮಾಂಸದಲ್ಲಿ ಹುಳುವಾಗಲಿಲ್ಲ.

ನಮ್ಮಲ್ಲೂ ಕೀಟ-ಭ್ರಮರ ನ್ಯಾಯವಿದೆಯಲ್ಲ! ಕಣಜ ಹುಳುವನ್ನು ಮಣ್ಣಿನ ಗೂಡಿನಲ್ಲಿಟ್ಟು ಗುಂಯ್‌ಗುಟ್ಟಿದರೆ ಹುಳುವೇ ಕಣಜವಾಗುತ್ತದೆಂದು ಹಿರಿಯರು ಹೇಳುತ್ತಿದ್ದರು. ಉಪಮೆ ಸೊಗಸಾಗಿದೆ, ನಿಜ ಬೇರೆ. ಕಣಜ ಹುಳುವನ್ನು ಚುಚ್ಚಿ ಜಡವಾಗಿಸಿ, ತನ್ನ ಮೊಟ್ಟೆಯ ಜೊತೆ ಗೂಡಿನಲ್ಲಿಟ್ಟು ಮುಚ್ಚುತ್ತದೆ. ಹುಳು ಕಣಜವಾಗುವುದಿಲ್ಲ, ಕಣಜದ ಮರಿಗೆ ಊಟವಾಗುತ್ತದೆ.

ಇಷ್ಟೆಲ್ಲ ಬರೆಯಲು ಕಾರಣ 2023ರ ಮಳೆಗಾಲ. ಮುಂಬಯಿಯ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯ ಹುಡುಗನಿಗೆ ಡೆಂಗಿ ಬಂತು. ಐದು ದಿನ ಆಸ್ಪತ್ರೆ, ಪ್ಲೇಟ್ಲೆಟ್ ಎಣಿಕೆ ಇಳಿದಾಗಲೆಲ್ಲ ತಾಯಿಯ ಅಳು. ಪಾಲಿಕೆಯವರು ಟಾರ್ಚು ಹಿಡಿದು ಮನೆಮನೆ ಹುಡುಕಿದರು. ಗಟಾರ ನೋಡಿರೆಂದು ನಾನೇ ಜೋರು ಮಾಡಿದೆ. ಅವರಿಗೆ ಮರಿಗಳು ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮ ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆಯಲ್ಲಿ!

"ನಾನು ಆಗಾಗ ನೀರು ಚೆಲ್ಲುತ್ತೇನಲ್ಲಾ" ಎಂದೆ. "ಚೆಲ್ಲಿದರೆ ಸಾಲದು ತಾಯಿ, ತಿಕ್ಕಬೇಕು" ಎಂದರು ಬಂದವರಲ್ಲಿ ಹಿರಿಯರು. ಗಟಾರದ ಕೊಳಕು ನೀರು ಕ್ಯುಲೆಕ್ಸ್ ಸೊಳ್ಳೆಗೆ ಪ್ರಿಯ. ಮಲೇರಿಯದ ಅನಾಫಿಲಿಸ್ ಪಟ್ಟಣಗಳಲ್ಲಿ ಮುಚ್ಚಳವಿಲ್ಲದ ಮಾಳಿಗೆಯ ಟಾಂಕಿ, ಬಾವಿಗಳನ್ನು ಹುಡುಕುತ್ತದೆ. ಡೆಂಗಿಯ ಈಡಿಸ್‌ಗೆ ಮನೆಯ ಸ್ವಚ್ಛ ನೀರೇ ಬೇಕು. ಹೂಕುಂಡದ ತಟ್ಟೆ, ಹಳೆ ಟಯರು, ತೆಂಗಿನ ಚಿಪ್ಪು, ಎಲ್ಲಾದರೂ ಸರಿ. ಅದು ಮೊಟ್ಟೆಗಳನ್ನು ನೀರಿನ ಅಂಚಿಗಿಂತ ಕೊಂಚ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಮಸಿಯ ಚುಕ್ಕೆಯಂತೆ ಕಪ್ಪು, ಕಣ್ಣಿಗೆ ಬೀಳುವುದು ಕಷ್ಟ. ನೀರು ಚೆಲ್ಲಿದರೂ ಅವು ಅಲ್ಲೇ ಇರುತ್ತವೆ. ಒಣಗಿಯೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿದಾಗ ಒಡೆಯುತ್ತವೆ, ವಾರ ಹತ್ತು ದಿನದಲ್ಲಿ ಸೊಳ್ಳೆ. ಅಂದರೆ ನಾನು ತಿಂಗಳುಗಟ್ಟಲೆ ನೀರನ್ನಷ್ಟೇ ಬದಲಿಸುತ್ತಿದ್ದೆ!

ಈ ಸೊಳ್ಳೆ ಹುಟ್ಟಿದ ಜಾಗದಿಂದ ಬಹುದೂರ ಹಾರದು, ಕಚ್ಚುವುದೂ ಹೆಚ್ಚಾಗಿ ಹಗಲಿನಲ್ಲೇ. ಹುಡುಗ ಶಾಲೆ ಬಿಟ್ಟ ಮೇಲೆ ತಾಯಿ ಬರುವವರೆಗೆ ನಮ್ಮ ಅಡಿಗೆಮನೆಯಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದ. ಅವನನ್ನು ಕಚ್ಚಿದ್ದು ನಮ್ಮ ತಟ್ಟೆಯ ಸೊಳ್ಳೆಯೇ ಎಂದು ಯಾರೂ ಹೇಳಲಿಲ್ಲ. ಅಲ್ಲವೆಂದು ನಾನೂ ಹೇಳಲಾರೆ. ಅವನ ತಾಯಿಗೆ ಈ ವಿಷಯ ತಿಳಿಸಲು ನನಗೆ ಎರಡು ವಾರ ಬೇಕಾಯಿತು. ಆಕೆ ಕೇಳಿ ಸುಮ್ಮನೆ ಕೂತರು, ಆಮೇಲೆ ಎದ್ದು ತಮ್ಮ ಫ್ರಿಜ್ಜನ್ನು ಗೋಡೆಯಿಂದ ಎಳೆದರು. ಅಲ್ಲೂ ನೀರಿತ್ತು.

ಈಗ ಭಾನುವಾರ ಬೆಳಿಗ್ಗೆ ನಮ್ಮ ಮಹಡಿಯ ನಾಲ್ಕು ಮನೆಗಳಲ್ಲೂ ಬ್ರಶ್ಶಿನ ಸದ್ದು. ಫ್ರಿಜ್ಜಿನ ತಟ್ಟೆ, ಕುಂಡದ ತಟ್ಟೆ, ಬಾಲ್ಕನಿಯ ಡ್ರಮ್ಮಿನ ಒಳಗೋಡೆ, ಒಂದೂ ಬಿಡುವಂತಿಲ್ಲ. ಟಾರ್ಚು ಹಿಡಿದು ಪರೀಕ್ಷೆಗೆ ಬರುವವನು ಆ ಹುಡುಗನೇ. ಕಳೆದ ವಾರ ತುಳಸಿಯ ತಟ್ಟೆ ಸರಿಯಾಗಿಲ್ಲವೆಂದು ನನ್ನಿಂದ ಎರಡು ಸಲ ತಿಕ್ಕಿಸಿದ.