ಫೀಸು ಏರಿತು, ಸ್ಟೀರಿಂಗಿನ ಆಟ ಇಳಿಯಲಿಲ್ಲ

ಊರಿನ ಶೆಡ್ಡುಗಳಲ್ಲಿ, ಅಂಗಡಿ ಹಿಂದಿನ ಓಣಿಗಳಲ್ಲಿ ಒಂದಷ್ಟು ಅಂಬಾಸಡರ್, ಪದ್ಮಿನಿಗಳು ಇನ್ನೂ ಉಸಿರಾಡುತ್ತಿವೆ. ಭಾನುವಾರ ಬಂತೆಂದರೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಆಗುಂಬೆ ಕಡೆ ಮುಖ ಮಾಡುವುದೂ ಉಂಟು. ಇವುಗಳ ಮೇಲೆ ಸರ್ಕಾರದ ಕಣ್ಣು ಬಿದ್ದು ಕೆಲ ವರ್ಷವಾಯಿತು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ್ದರೆ 10,000 ಅಂತ 2025ರ ಆಗಸ್ಟ್‌ನಲ್ಲಿ ಇನ್ನೊಂದು ಆದೇಶ ಬಂತು. ಹಳೇ ಗಾಡಿ ಅಪಾಯ ಅನ್ನೋದು ವಾದ. ಒಪ್ಪೋಣ. ಆದರೆ ಅಪಾಯ ಎಲ್ಲಿದೆ ಅಂತ ಯಾರು ಸ್ವಾಮಿ ಬಗ್ಗಿ ನೋಡಿದ್ದು?

ಬಗ್ಗಿದರೆ ಕಾಣುವುದು ಮುಂದಿನ ಚಕ್ರದ ಹಿಂದಿರುವ ಟೈರಾಡ್ ಎಂಡು. ಒಂದು ಗುಂಡು, ಒಂದು ಬಟ್ಟಲು, ಮೇಲೊಂದು ರಬ್ಬರ್ ಟೋಪಿ. ಟೋಪಿ ಹರಿದರೆ ಗ್ರೀಸು ಹೊರಗೆ, ಮಳೆಗಾಲದ ಕೆಸರು ಒಳಗೆ. ಆಮೇಲೆ ಗುಂಡು ಸವೆಯುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಚಕ್ರ ತಿರುಗುವುದು ಸ್ವಲ್ಪ ತಡವಾಗಿ. ಊರೊಳಗೆ ಇದು ಗೊತ್ತೇ ಆಗೋದಿಲ್ಲ. ಆಗುಂಬೆಯ 14 ತಿರುವುಗಳಲ್ಲಿ ಗೊತ್ತಾಗುತ್ತದೆ.

ಕಾನೂನು ಇಲ್ಲ ಅನ್ನಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಇದರ ಬಗ್ಗೆಯೇ ಇದೆ. ಸ್ಟೀರಿಂಗ್ ಚಕ್ರದ ಸಡಿಲ ಆಟ 30 ಡಿಗ್ರಿ ಮೀರಬಾರದು, ಅಂದರೆ ಗಡಿಯಾರದಲ್ಲಿ 12ರಿಂದ 1ರವರೆಗಿನ ಅಂತರ. ಬಾಲ್ ಜಾಯಿಂಟಿಗೆ ರಬ್ಬರ್ ಟೋಪಿ ಇರಲೇಬೇಕು. ಬೋಲ್ಟು, ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. ಬರೆದವರು ಗಾಡಿ ಬಲ್ಲವರೇ. ಆದರೆ ಖಾಸಗಿ ಕಾರು ನವೀಕರಣಕ್ಕೆ ಹೋಗುವುದು 5 ವರ್ಷಕ್ಕೊಮ್ಮೆ. ಹಳೇ ಗಾಡಿಯ ಹೊಗೆಗೆ 6 ತಿಂಗಳಿಗೊಂದು ಚೀಟಿ ಬೇಕು, ಕೈಗೆ ಬರಬೇಕಾದ ಚಕ್ರಕ್ಕೆ ನಡುವೆ ಯಾವ ಚೀಟಿಯೂ ಇಲ್ಲ.

ಇನ್ನು ಬಿಡಿಭಾಗದ ಪಾಡು. ಪದ್ಮಿನಿ ತಯಾರಿ ನಿಂತು ಕಾಲು ಶತಮಾನವಾಯಿತು. ಅಂಬಾಸಡರ್ ಉತ್ತರಪಾರಾ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ನಿಂತಿತು. ಮಾಲು ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ಕಲ್ಕತ್ತಾದ ಮಲ್ಲಿಕ್ ಬಜಾರ್ ಸುತ್ತಬೇಕು. ಡಬ್ಬಿಯ ಮೇಲೆ ಹೆಸರು ಇರುತ್ತದೆ, ಒಳಗಿನ ಉಕ್ಕಿನ ಜಾತಕ ಯಾರಿಗೆ ಗೊತ್ತು? ಸಿಗದಿದ್ದರೆ ಲೇತು, ವೆಲ್ಡಿಂಗು. ಬಾಗಿಲ ಕೀಲಿಗೆ ವೆಲ್ಡ್ ಹಾಕಿಸಿ, ಬೇಡ ಅನ್ನೋರಿಲ್ಲ. ಟೈರಾಡಿಗೆ ಮಾತ್ರ ಬೇಡ. ಅಲ್ಲಿ ಬೆಸುಗೆ ಬಿಟ್ಟರೆ ಎರಡು ಚಕ್ರ ಎರಡು ದಾರಿ.

ಇನ್ನೊಂದು ದುರಭ್ಯಾಸ ಇದೆ. ಆಟ ಬಂತೆಂದರೆ ಸ್ಕ್ರೂ ಬಿಗಿ ಮಾಡಿ ಕಳಿಸುವುದು. ಅಂಬಾಸಡರಿನ ರ‍್ಯಾಕ್ ಇರಲಿ, ಪದ್ಮಿನಿಯ ಗೇರ್ ಬಾಕ್ಸ್ ಇರಲಿ, ಹಲ್ಲು ಸವೆಯುವುದು ಹೆಚ್ಚಾಗಿ ನಡುವಿನಲ್ಲಿ, ಯಾಕೆಂದರೆ ಗಾಡಿ ಬಹುಪಾಲು ನೇರವೇ ಓಡುತ್ತದೆ. ನಡುವಿಗೆ ಸರಿಯಾಗುವಷ್ಟು ಬಿಗಿದರೆ ಪೂರ್ತಿ ತಿರುಗಿಸಿದಾಗ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ. ಘಾಟಿಯಲ್ಲಿ ಅದು ಇನ್ನೂ ಕೆಟ್ಟದ್ದು.

ನೋಡುವ ಕ್ರಮ ಕಷ್ಟವಿಲ್ಲ. ಮುಂಭಾಗ ಜಾಕ್ ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಬಂದರೆ ದೋಷ ಟೈರಾಡ್ ಅಥವಾ ಸ್ಟೀರಿಂಗಿನ ಕಡೆ. ಮೇಲೆ-ಕೆಳಗೆ ಹಿಡಿದಾಗ ಬಂದರೆ ಬೇರಿಂಗ್ ಇಲ್ಲವೇ ಕಿಂಗ್‌ಪಿನ್. ಪದ್ಮಿನಿಯಾದರೆ ಐಡ್ಲರ್ ಆರ್ಮ್ ಬುಷ್ಷನ್ನೂ ನೋಡಿ, ಅದು ಮೆಕ್ಯಾನಿಕ್ಕುಗಳು ಮರೆಯುವ ಮೂಲೆ. ಟೈರಾಡ್ ಎಂಡು ಬದಲಿಸಿದರೆ ಹಳೇ ಸ್ಪ್ಲಿಟ್ ಪಿನ್ನು ನೆಟ್ಟಗೆ ಮಾಡಿ ತುರುಕಲು ಬಿಡಬೇಡಿ. ನಾಲ್ಕು ಕಾಸಿನ ಪಿನ್ನು ಅದು. ಕೊನೆಗೆ ಟೋ-ಇನ್ ಸೆಟ್ ಮಾಡಿಸದಿದ್ದರೆ ಹೊಸ ಟೈರೂ ತಿಂದುಹೋಗುತ್ತದೆ.

2021ರ ವಿಂಟೇಜ್ ನಿಯಮ ತೋರಿಸಿ, ಭಾಗ ಬದಲಿಸಿದರೆ ಅಸಲಿತನ ಹೋಗುತ್ತದೆ ಅನ್ನುವ ಪಂಡಿತರಿದ್ದಾರೆ. ಆ ನಿಯಮ 50 ವರ್ಷ ದಾಟಿದ ಗಾಡಿಗೆ. ಅದು ಹೆಸರಿಸಿ ತಡೆಯುವುದು ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡನ್ನು. ಸವೆದ ಟೈರಾಡ್ ತೆಗೆದು ಅಂಥದ್ದೇ ಹಾಕಿದರೆ ಯಾವ ಅಸಲಿತನವೂ ಹೋಗೋದಿಲ್ಲ. ವಿಂಟೇಜ್ ನಂಬರ್ ಪಡೆದರೆ ದಿನವೂ ಅಂಗಡಿಗೆ ಓಡಿಸುವಂತಿಲ್ಲ ಅನ್ನೋದು ಮಾತ್ರ ಗೊತ್ತಿರಲಿ.

ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ಉಪಕರಣಗಳಲ್ಲಿ ಜಾಯಿಂಟ್ ಪ್ಲೇ ಟೆಸ್ಟರ್ ಕೂಡ ಇದೆ. ಚಕ್ರವನ್ನು ತಟ್ಟೆಯ ಮೇಲೆ ನಿಲ್ಲಿಸಿ ಅಲ್ಲಾಡಿಸಿ, ಕೆಳಗಿನಿಂದ ಕೀಲು ನೋಡುವ ಯಂತ್ರ. ನಮ್ಮ ಜಿಲ್ಲೆಯ ಹಳೇ ಕಾರುಗಳು ಆ ತಟ್ಟೆ ಹತ್ತುವ ದಿನ ಯಾವುದು ಅಂತ, 10,000 ರೂಪಾಯಿ ಕಟ್ಟುವಾಗ ಆರ್.ಟಿ.ಓ. ಕೌಂಟರಿನಲ್ಲಿ ಒಮ್ಮೆ ಕೇಳಿ ನೋಡಿ.