ಸಯನೈಡಿನ ಸ್ಥಾನದಲ್ಲಿ ಜೀವಸತ್ತ್ವ

ಕಹಿಬಾದಾಮಿಯ ಎಣ್ಣೆಯಲ್ಲಿ ಪರಿಮಳವೂ ವಿಷವೂ ಒಂದೇ ಮನೆಯಲ್ಲಿ ವಾಸಿಸುತ್ತವೆ. ಮೂಗಿಗೆ ಹಿತವಾದ ವಾಸನೆ ಬೆಂಜಾಲ್ಡಿಹೈಡ್ ಎಂಬ ದ್ರವದ್ದು. ಅದರ ಜೊತೆಯಲ್ಲಿಯೇ ಹುಟ್ಟುವ ಇನ್ನೊಂದು ವಸ್ತು ಪ್ರಾಣಹಾರಕವಾದ ಹೈಡ್ರೊಸಯನಿಕ್ ಆಮ್ಲ. 1832ರಲ್ಲಿ ಜರ್ಮನಿಯ ವೋಲರ್ ಮತ್ತು ಲೀಬಿಗ್ ಎಂಬ ಇಬ್ಬರು ಮಿತ್ರರು ಈ ಎಣ್ಣೆಯನ್ನು ಶೋಧಿಸುತ್ತಿದ್ದಾಗ ಬೆಂಜಾಯಿನ್ ಎಂಬ ಬಿಳಿಯ ಸ್ಫಟಿಕಗಳನ್ನು ಕಂಡರು. ಬೆಂಜಾಲ್ಡಿಹೈಡಿನ ಎರಡು ಅಣುಗಳು ಕೂಡಿದರೆ ಒಂದು ಬೆಂಜಾಯಿನ್. ಈ ಸಂಬಂಧವನ್ನು ಕುದುರಿಸುವುದು ಸಯನೈಡ್. ಮದುವೆ ಮುಗಿದೊಡನೆ ಊಟಕ್ಕೂ ನಿಲ್ಲದೆ ಮುಂದಿನ ಮನೆಗೆ ಹೊರಡುವ ದಲ್ಲಾಳಿಯಂತೆ, ತಾನು ಮಾತ್ರ ಖರ್ಚಾಗುವುದಿಲ್ಲ.

ಈ ಪ್ರಯೋಗ ಕಾಲೇಜುಗಳ ಸಾವಯವ ರಸಾಯನದ ಪಾಠದಲ್ಲಿ ಬಹುಕಾಲದಿಂದ ಬೇರೂರಿದೆ. ಹದಿನೆಂಟು ಹತ್ತೊಂಬತ್ತು ವಯಸ್ಸಿನ ವಿದ್ಯಾರ್ಥಿಗಳ ಕೈಗೆ ಸಯನೈಡ್ ಕೊಟ್ಟು, ಎಚ್ಚರಿಕೆಯ ನಾಲ್ಕು ಮಾತು ಹೇಳಿ, ಬೆಂಜಾಯಿನ್ ಮಾಡಿಸುವ ರೂಢಿ ತಲೆಮಾರುಗಳ ಕಾಲ ನಡೆಯಿತು. ಆಮ್ಲದ ಸೋಂಕು ತಗಲಿದರೆ ಆ ಉಪ್ಪಿನಿಂದ ವಿಷವಾಯು ಹೊರಡುತ್ತದೆ. ಆಮ್ಲದ ಸೀಸೆಗಳಿಲ್ಲದ ಪ್ರಯೋಗಶಾಲೆಯಾದರೂ ಎಲ್ಲಿದೆ?

ಪರ್ಯಾಯದ ಕಥೆ ಆರಂಭವಾಗುವುದು ಅಕ್ಕಿಯ ತೌಡಿನಲ್ಲಿ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್ಮನ್, ಪಾಲಿಷ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಬೆರಿಬೆರಿಯಂತಹ ವ್ಯಾಧಿಗೆ ತುತ್ತಾಗಿ, ತೌಡು ತಿಂದೊಡನೆ ಚೇತರಿಸಿಕೊಂಡದ್ದನ್ನು ಗಮನಿಸಿದನು. ತೌಡಿನ ಆ ಸತ್ತ್ವವೇ ಥಯಾಮಿನ್, ಅಂದರೆ ಬಿ1 ಜೀವಸತ್ತ್ವ. ಸಯನೈಡ್ ಮಾಡುವ ಸಂಧಾನವನ್ನು ಇದೂ ಮಾಡಬಲ್ಲುದೆಂದು ಜಪಾನಿನ ರಸಾಯನಜ್ಞರು 1943ರಲ್ಲಿ ತೋರಿಸಿದರು. ಅದು ಹೇಗೆಂಬುದನ್ನು 1958ರಲ್ಲಿ ಅಮೆರಿಕದ ರೊನಾಲ್ಡ್ ಬ್ರೆಸ್ಲೊ ವಿವರಿಸಿದನು. ನಮ್ಮ ದೇಹದಲ್ಲಿ ಸಕ್ಕರೆಯಿಂದ ಶಕ್ತಿ ಪಡೆಯುವ ಹಾದಿಯಲ್ಲಿಯೂ ಥಯಾಮಿನ್ ಇದೇ ಬಗೆಯ ಚಾತುರ್ಯವನ್ನು ಮೆರೆಯುತ್ತದೆ. ಹೀಗಾಗಿ ವಿಷವನ್ನು ಬಿಟ್ಟ ವಿದ್ಯಾರ್ಥಿ ಪಾಠವನ್ನು ಕಳೆದುಕೊಳ್ಳುವುದಿಲ್ಲ. ಜೀವರಸಾಯನದ ಒಂದು ಅಧ್ಯಾಯವೇ ಅವನಿಗೆ ಲಾಭವಾಗಿ ದೊರೆಯುತ್ತದೆ.

ಇಂತಹ ಮಾರ್ಪಾಟುಗಳಿಗೆ ಇಂದು ‘ಹಸಿರು ರಸಾಯನ’ವೆಂದು ಹೆಸರು. 1998ರಲ್ಲಿ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಇದಕ್ಕೆ ಹನ್ನೆರಡು ಸೂತ್ರಗಳನ್ನು ರಚಿಸಿದರು. ಕಸವನ್ನು ಮಾಡಿ ಅನಂತರ ಗುಡಿಸುವುದಕ್ಕಿಂತ ಮಾಡದೆ ಇರುವುದೇ ಲೇಸೆಂಬುದು ಮೊದಲನೆಯ ಸೂತ್ರ. ಯಾವ ಗೃಹಿಣಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ರಸಾಯನಜ್ಞರ ಹಳೆಯ ಲೆಕ್ಕ ಮಾತ್ರ ಬೇರೆಯಾಗಿತ್ತು. ಬರಬೇಕಾದ ವಸ್ತುವಿನಲ್ಲಿ ಶೇಕಡಾ ಎಷ್ಟು ಕೈಗೆ ಬಂದಿತೆಂಬುದಷ್ಟೇ ಅದರ ಪ್ರಶ್ನೆ. ಹಾಕಿದ ಪರಮಾಣುಗಳಲ್ಲಿ ಎಷ್ಟು ಪದಾರ್ಥವನ್ನು ಸೇರಿದವೆಂದು ಕೇಳಬೇಕೆಂದು 1991ರಲ್ಲಿ ಬ್ಯಾರಿ ಟ್ರಾಸ್ಟ್ ವಾದಿಸಿದನು. ಕಾಲೇಜಿನಲ್ಲಿ ಮಾಡಿಸುವ ಅಸಿಟಾನಿಲೈಡನ್ನೇ ನೋಡಬಹುದು. 93 ಗ್ರಾಂ ಅನಿಲಿನ್, 102 ಗ್ರಾಂ ಅಸಿಟಿಕ್ ಅನ್‌ಹೈಡ್ರೈಡ್, ಒಟ್ಟು 195 ಗ್ರಾಂ. ಕೈ ಸ್ವಲ್ಪವೂ ತಪ್ಪದಿದ್ದರೂ ದೊರೆಯುವುದು 135 ಗ್ರಾಂ. ಉಳಿದ 60 ಗ್ರಾಂ ಅಸಿಟಿಕ್ ಆಮ್ಲವಾಗಿ ಹೋಗುತ್ತದೆ. ನೂರಕ್ಕೆ ನೂರು ಅಂಕ ಪಡೆದ ವಿದ್ಯಾರ್ಥಿಯ ಪರಮಾಣುಗಳ ಮಿತವ್ಯಯ ಕೇವಲ 69! ಔಷಧಿಗಳ ತಯಾರಿಕೆಯಲ್ಲಿ ಒಂದು ಕಿಲೋ ಮದ್ದಿಗೆ 25ರಿಂದ 100 ಕಿಲೋಗಳವರೆಗೂ ಕಸ ಉಳಿಯುತ್ತದೆಂದು 1992ರಲ್ಲಿ ರೋಜರ್ ಶೆಲ್ಡನ್ ತೋರಿಸಿದನು. ನಾಳೆ ಆ ಕಾರ್ಖಾನೆಗಳಲ್ಲಿ ದುಡಿಯುವವರು ಇಂದಿನ ಈ ವಿದ್ಯಾರ್ಥಿಗಳೇ ಅಲ್ಲವೆ?

1990ರ ದಶಕದ ಕೊನೆಯಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಕೆನೆತ್ ಡಾಕ್ಸೀ ಮತ್ತು ಜೇಮ್ಸ್ ಹಚಿಸನ್ ತಮ್ಮ ಸಾವಯವ ಪ್ರಯೋಗಗಳನ್ನು ಈ ದೃಷ್ಟಿಯಿಂದ ತಿದ್ದಿ, 2004ರಲ್ಲಿ ಪಠ್ಯವಾಗಿ ಪ್ರಕಟಿಸಿದರು. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೂ ಇಂತಹುದೊಂದು ಕೈಪಿಡಿಯನ್ನು ಹೊರತಂದಿದೆ. ಥಯಾಮಿನ್ ಪ್ರಯೋಗ ಅದರಲ್ಲಿ ಸೇರಿದೆ. ಬ್ರೋಮಿನ್ ದ್ರವವನ್ನು ಸುರಿಯದೆ ಬ್ರೋಮೀಕರಣ ನಡೆಸುವ ವಿಧಾನವೂ ಇದೆ.

ವಿಷವನ್ನು ಜಾಗರೂಕತೆಯಿಂದ ಬಳಸಲು ಕಲಿಯದವನು ಎಂತಹ ರಸಾಯನಜ್ಞನೆಂದು ಹಳಬರು ಕೇಳುವುದುಂಟು. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ವಿದ್ಯೆಗೆ ಮುಂದಿನ ತರಗತಿಗಳಿವೆ. ಮೊದಲ ಬಾರಿಗೆ ಪ್ರಯೋಗಶಾಲೆಯ ಹೊಸ್ತಿಲು ದಾಟಿದವರ ಮೇಲೆ ಅದನ್ನು ಹೇರುವುದು ಉಚಿತವಲ್ಲ. ಹಸಿರೆಂದ ಮಾತ್ರಕ್ಕೆ ಸರ್ವವೂ ನಿರಪಾಯವೆಂದು ತಿಳಿಯುವುದೂ ತಪ್ಪು. ಥಯಾಮಿನ್ ಪ್ರಯೋಗಕ್ಕೂ ಕಾಸ್ಟಿಕ್ ಸೋಡಾ ಬೇಕು; ಅದು ಕಣ್ಣಿಗೆ ಸಿಡಿದರೆ ಅನಾಹುತವೇ.

ಇನ್ನು ಜೀವಸತ್ತ್ವದ ಸ್ವಭಾವ ತುಸು ನಾಜೂಕು. ಕ್ಷಾರದೊಡನೆ ಹೆಚ್ಚು ಕಾಯಿಸಿದರೆ ಅದು ಕೆಡುತ್ತದೆ. ಗಾಳಿಗೆ ಬಿಟ್ಟ ಹಳೆಯ ಬೆಂಜಾಲ್ಡಿಹೈಡಿನಲ್ಲಿ ಬೆಂಜೋಯಿಕ್ ಆಮ್ಲ ಸೇರಿರುವುದರಿಂದ ಸ್ಫಟಿಕಗಳೇ ಮೂಡದೆ ಹೋಗಬಹುದು. ಮೂರು ಗಂಟೆಗಳ ಪ್ರಾಯೋಗಿಕ ಪರೀಕ್ಷೆಯ ಗಡಿಯಾರಕ್ಕೆ ಇದು ಸುಲಭವಾಗಿ ಒಗ್ಗುವುದೂ ಇಲ್ಲ. ಕಾಯಿಸದೆ ಮಾಡಿದರೆ ಫ್ಲಾಸ್ಕಿಗೆ ಬಿರಡೆ ಹಾಕಿ ಒಂದು ದಿನವಾದರೂ ಬಿಡಬೇಕು. ಮುಂದಿನ ತರಗತಿಗೆ ಬಂದ ವಿದ್ಯಾರ್ಥಿನಿ ಪುಸ್ತಕದ ಚೀಲವನ್ನು ಕೆಳಗಿಡುವ ಮೊದಲೇ ಫ್ಲಾಸ್ಕನ್ನು ಬೆಳಕಿಗೆ ಹಿಡಿದು, ತಳದಲ್ಲಿ ಬೆಳ್ಳಗೆ ಏನಾದರೂ ಕುಳಿತಿದೆಯೇ ಎಂದು ನೋಡುತ್ತಾಳೆ.